ಎಲೆ ಒರೆಸುವ ಬಟ್ಟೆ

ಆ ಫೈಕಸ್ ಗಿಡವನ್ನು ಕುಂಡದ ಸಮೇತ ನಾನೊಬ್ಬನೇ ಮೇಲಿನ ಮಹಡಿಯಿಂದ ಒಂದೇ ಕೈಯಲ್ಲಿ ಇಳಿಸುತ್ತಿದ್ದೆ. ಇನ್ನೊಂದು ಕೈ ಮೀಸೆ ತಿರುವುತ್ತಿತ್ತು. ಗಿಡ ದಟ್ಟವೆಂದರೆ ಎಂಥ ದಟ್ಟ! ಒಳಗೆ ಹೊಕ್ಕ ಗುಬ್ಬಿ ಹೊರಬರಲು ದಾರಿ ಕೇಳಬೇಕು. ಮೇಲೆ ಚಾದರ ಹೊದಿಸಿದ್ದು, ನೋಡುವವರ ಕಣ್ಣು ಕುಕ್ಕದಿರಲೆಂದು.

ಕೆಳಗೆ ಹಾಲ್‌ನಲ್ಲಿ, ತಲೆಯ ಬಳಿ ದೀಪ ಹಚ್ಚಿ, ಅಣ್ಣನನ್ನು ಮಲಗಿಸಿದ್ದರು. ಒಡಹುಟ್ಟಿದವನಲ್ಲ, ಕೆಳಮನೆಯವನು, ಕನ್ನಡಕದ ಅಂಗಡಿ ಇಟ್ಟು ಅರ್ಧ ಊರಿಗೆ ಕಣ್ಣು ಕೊಟ್ಟವನು.

"ಮೆಲ್ಲಗೆ ಇಡಪ್ಪ," ಎಂದರು ಅತ್ತಿಗೆ. "ವ್ಯಾನ್ ಬರೋದ್ರೊಳಗೆ ಅವರ ಗಿಡ ಅವರ ಪಕ್ಕದಲ್ಲಿರ್ಬೇಕು. ಚಾದರ ತೆಗಿ."

"ಈಗ್ಲೇ ಬೇಡ ಅತ್ತಿಗೆ. ಬೆಳಕಿಗೆ ಬೆದರುತ್ತೆ."

"ಬುರುಡೆ ಚಿಕ್ಕಪ್ಪ, ಇಷ್ಟು ವರ್ಷ ಕಿಟಕಿ ಪಕ್ಕದಲ್ಲೇ ಇತ್ತಲ್ಲ ಅದು!" ಎಂದಳು ಅಣ್ಣನ ಮಗಳು. ಬುರುಡೆ ಎನ್ನುವುದು ಈ ಮನೆಯವರು ನನಗೆ ದಯಪಾಲಿಸಿದ ಬಿರುದು.

* * *

ಆಸ್ಪತ್ರೆಗೆ ಹೊರಟ ದಿನ ಅಣ್ಣ ಗಿಡವನ್ನು ನನಗೊಪ್ಪಿಸಿದ್ದ. "ಜಾಗ ಬದಲಾದ್ರೆ ಮುನಿಸ್ಕೊಂಡು ಎಲೆ ಉದುರಿಸುತ್ತೆ. ಇಲ್ಲೇ ಬಂದು ನೀರು ಹಾಕು, ಅದೂ ಮಣ್ಣು ಒಣಗಿದ್ರೆ. ಎತ್ಕೊಂಡ್ ಮಾತ್ರ ಹೋಗ್ಬೇಡ."

ರಜೆಯ ದಿನ ಕನ್ನಡಕ ಒರೆಸುವ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸುತ್ತ ಕೂತರೆ, ಊಟಕ್ಕೆ ಕರೆದರೂ ಏಳದವನು.

ನನಗಿಂತ ದೊಡ್ಡ ತೋಟಗಾರ ಭೂಮಿಯ ಮೇಲೆ ಹುಟ್ಟಿಲ್ಲವಲ್ಲ? ಮೇಲಕ್ಕೊಯ್ದೆ. ಬಿಸಿಲಿಗಿಟ್ಟೆ. ಎಲೆ ಉದುರಿದಷ್ಟೂ ನೀರು ಸುರಿದೆ. ಸಂಜೆ ಆಸ್ಪತ್ರೆಗೆ ಹೋಗಿ, "ಸೂರು ಮುಟ್ಟಿದೆ ಅಣ್ಣ, ಕತ್ತರಿ ಹುಡುಕ್ತಿದ್ದೀನಿ" ಎನ್ನುತ್ತಿದ್ದೆ. ಅವನು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದ.

* * *

ಮಗಳು ಚಾದರ ಎಳೆದೇಬಿಟ್ಟಳು. ಹಾಲ್‌ನಲ್ಲಿದ್ದವರೆಲ್ಲ ಬೋಳು ಕೊಂಬೆಗಳತ್ತ ಬಗ್ಗಿ ನೋಡಿದರು.

"ಉದುರಿದ ಕಡೆಯೆಲ್ಲ ಇಮ್ಮಡಿ ಚಿಗುರು..." ಎಂದು ಶುರುಮಾಡಿದೆ.

"ಸಾಕು. ಅವರಿಗೆ ಗೊತ್ತಿತ್ತು," ಎಂದರು ಅತ್ತಿಗೆ. "ನೀನು ಸೂರು ಮುಟ್ಟಿದೆ ಅಂದ ದಿನಾನೇ ಹೇಳಿದ್ರು: 'ಬೋಳಾಗಿದೆ ಕಣೇ. ಅವನನ್ನ ಬೈಬೇಡ. ಜೀವ ಇದ್ಯಾ ಅಂತ ಮಾತ್ರ ಕೇಳು.' ಈಗ ಕೇಳ್ತಿದ್ದೀನಿ. ನಿಜ ಹೇಳು."

ಮೀಸೆಯಿಂದ ಕೈ ಇಳಿಸಿದೆ. "ಎತ್ಕೊಂಡ್ ಹೋಗಿ ನಾನೇ ಹಾಳ್ಮಾಡಿದೆ ಅತ್ತಿಗೆ. ಚಿಗುರಿಲ್ಲ. ಎಲೆ ಎರಡೇ ಉಳಿದಿರೋದು. ಕೊಂಬೆ ಕೆರೆದು ನೋಡಿದೆ, ಒಳಗೆ ಹಸಿರಿದೆ. ಇಳಿಸೋಕೂ ನನ್ನೊಬ್ಬನ ಕೈಲಾಗ್ಲಿಲ್ಲ, ಎದುರುಮನೆಯವ್ರು ಬಾಗಿಲವರೆಗೂ ಹಿಡ್ಕೊಂಡ್ರು."

ನನ್ನ ಮಾತು ಯಾರು ನಂಬುತ್ತಾರೆ? ಮಗಳು ಕೊಂಬೆಯನ್ನು ಉಗುರಿನಿಂದ ಕೆರೆದಳು. ಉಗುರಿನ ತುದಿ ಹಸಿರಾಯಿತು.

ಅತ್ತಿಗೆ ಅಣ್ಣನ ಅಂಗಿಯ ಜೇಬಿನಿಂದ ಕನ್ನಡಕದ ಬಟ್ಟೆ ತೆಗೆದರು. ಒಂದು ಎಲೆ ಒರೆಸಿದರು. ಇನ್ನೊಂದನ್ನು ಒರೆಸಿದರು. ಮೂರನೆಯದಕ್ಕೆ ಹೋದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಬಟ್ಟೆ ಮಡಚಿ ನನ್ನ ಜೇಬಿಗೆ ಹಾಕಿದರು.