ಅಂಚು ಎಂದರೆ ಯಾವ ಅಂಚು

ಮೈಯ ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವುದಕ್ಕೆ ನಕ್ಷೆ ಬರೆದುಕೊಡುವ ತಂತ್ರಾಂಶ ಅದು. ಹೆಸರು ‘ಕತ್ತರಿ’. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಯಾರು ಬೇಕಾದರೂ ತಿದ್ದಬಹುದು, ಮನಸ್ಸು ಬಂದರೆ ನಕಲು ಮಾಡಿಕೊಂಡು ತಮ್ಮದೇ ದಾರಿ ಹಿಡಿಯಬಹುದು. ಅದನ್ನು ಶುರು ಮಾಡಿದವರು ಇಬ್ಬರು: ತಂಗಿ ಮತ್ತು ಅವಳ ಅಕ್ಕನ ಗಂಡ, ಭಾವ. ಅಕ್ಕ ನಾಟಕಗಳಿಗೆ ಉಡುಪು ಹೊಲಿಯುವವಳು.

ಗೂನುಬೆನ್ನು, ಓರೆ ಭುಜ ಇದ್ದವರಿಗೂ ಸರಿಯಾದ ನಕ್ಷೆ ಬರಬೇಕೆಂದು ತಂಗಿ ಕಷ್ಟಪಟ್ಟು ಕೋಡ್ ಬರೆದಳು. ಭಾವ ಅದನ್ನು ತಿಂಗಳುಗಟ್ಟಲೆ ‘ಕತ್ತರಿ’ಗೆ ಸೇರಿಸಲೇ ಇಲ್ಲ. ಕೊನೆಗೆ, “ಹಳೇ ನಕ್ಷೆಗಳೆಲ್ಲ ಕೆಟ್ಟೋಗ್ತವೆ ಕಣಮ್ಮ, ಬೇಡ” ಎಂದರು. ತಂಗಿ ಇಡೀ ಕೋಡನ್ನು ನಕಲು ಮಾಡಿಕೊಂಡು ‘ಅಳತೆ’ ಎಂಬ ಹೆಸರಿನಲ್ಲಿ ಬೇರೆಯಾದಳು. ಬಿಡುವಿನ ವೇಳೆಯಲ್ಲಿ ದುಡಿಯುತ್ತಿದ್ದ ಗೆಳೆಯರಲ್ಲಿ ಅರ್ಧ ಜನ ಅವಳ ಹಿಂದೆ ಹೋದರು. ಅಲ್ಲಿಂದಾಚೆ ಇವರ ತಿದ್ದುಪಡಿಯನ್ನು ಅವರು ಕಣ್ಣೆತ್ತಿ ನೋಡುತ್ತಿರಲಿಲ್ಲ, ಅವರದನ್ನು ಇವರು.

ಅಕ್ಕ ಮಾತ್ರ ಎರಡನ್ನೂ ಬಳಸುತ್ತಿದ್ದಳು. ಕಂಪ್ಯೂಟರಿನ ಮಾತು ಊಟದ ಮೇಜಿನ ಹತ್ತಿರ ಸುಳಿಯಬಾರದು ಎಂದು ಕಟ್ಟಪ್ಪಣೆ ಮಾಡಿದ್ದವಳೂ ಅವಳೇ. ತಂಗಿ ಊಟಕ್ಕೆ ಬಂದಿದ್ದ ಒಂದು ಭಾನುವಾರ ತನ್ನ ಅಪ್ಪಣೆಯನ್ನು ಅವಳೇ ಮುರಿದಳು. ತಟ್ಟೆಗಳನ್ನು ಸರಿಸಿ, ಕಚ್ಚಾ ಹೊಲಿಗೆ ಹಾಕಿದ ಒಂದು ಕೋಟನ್ನು ಮೇಜಿನ ಮೇಲೆ ಹರಡಿದಳು.

“ಓರೆ ಭುಜದ ನಟ. ಮೈಭಾಗ ‘ಅಳತೆ’ಯಲ್ಲಿ ಬರೆಸ್ದೆ. ತೋಳು ಇವರದರಲ್ಲೇ ಚೆನ್ನಾಗಿ ಬರೋದು, ಅದಕ್ಕೆ ಆ ನಕ್ಷೇನ ‘ಕತ್ತರಿ’ಗೆ ಹಾಕಿ, ಈ ಕಂಕುಳಿಗೆ ಒಪ್ಪೋ ತೋಳು ಕೊಡು ಅಂದೆ. ನೋಡಿ, ಎರಡು ಬೆರಳಷ್ಟು ಸಾಲ್ತಿಲ್ಲ.”

“ಕಂಕುಳಿನ ಸುತ್ತು ತಪ್ಪಿರತ್ತೆ” ಎಂದರು ಭಾವ, ಅನ್ನ ಕಲಸುತ್ತಾ.

“ನಮ್ಮದು ತಪ್ಪಿಲ್ಲ. ತೋಳು ಚಿಕ್ಕದಾಗಿದೆ” ಎಂದಳು ತಂಗಿ.

“ಯಾರ ತಪ್ಪು ಅಂತ ನಾನೆಲ್ಲಿ ಕೇಳ್ದೆ? ಯಾಕೆ ಸಾಲ್ತಿಲ್ಲ ಅಂತ ಕೇಳ್ದೆ” ಎಂದು ಅಕ್ಕ ಸಾರಿನ ಪಾತ್ರೆ ತರಲು ಒಳಗೆ ಹೋದಳು.

ತಂಗಿ ಟೇಪು ತೆಗೆದುಕೊಂಡು ಕಂಕುಳಿನ ಸುತ್ತು ಅಳೆದಳು. ನಕ್ಷೆಯಲ್ಲಿ ಇದ್ದಷ್ಟೇ ಇತ್ತು. ತೋಳನ್ನೂ ಅಳೆದಳು. ಅದೂ ನಕ್ಷೆಯಲ್ಲಿದ್ದಷ್ಟೇ. ಎರಡೂ ಸರಿ, ಸೇರಿಸಿದರೆ ತಪ್ಪು. ಇದು ಅವಳ ತಲೆಗೆ ಹೊಕ್ಕಿತು. ಊಟವಾದ ಮೇಲೆ ಬ್ಯಾಗು ಹೆಗಲಿಗೇರಿಸಿದವಳು ಮತ್ತೆ ಇಳಿಸಿ, ಭಾವನ ಕೋಣೆಯ ಬಾಗಿಲಲ್ಲಿ ನಿಂತಳು.

“ಭಾವ, ಒಂದು ದುಂಡನೆ ತುಂಡು ಬರೆದು ನೋಡೋಣ್ವಾ? ಸುಮ್ನೆ.”

ಭಾವ ಹುಬ್ಬೇರಿಸಿದರು. ಆದರೆ ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ಎತ್ತಿ ಮಂಚಕ್ಕೆ ಹಾಕಿದರು.

‘ಅಳತೆ’ಯಲ್ಲಿ ಬರೆದ ದುಂಡು ತುಂಡನ್ನು ‘ಕತ್ತರಿ’ಗೆ ಕಳಿಸಿದಾಗ ಅದು ಒಂದು ಸುತ್ತು ಊದಿಕೊಂಡಿತು. ವಾಪಸ್ ಕಳಿಸಿದಾಗ ಮೊದಲಿನಷ್ಟೇ ಆಯಿತು.

“ಹೋಗಿ ಬಂದ್ರೆ ಸರಿ, ಹೋಗಿ ಅಲ್ಲೇ ಉಳಿದ್ರೆ ತಪ್ಪು” ಎಂದರು ಭಾವ. ಅವರ ಮುಖದ ಬಿಗಿ ಸಡಿಲವಾಗಿತ್ತು. “ಇದೇನಿದು ವಿಚಿತ್ರ? ಫೈಲಿನ ಒಳಗೆ ಏನಿದೆ ತೆಗಿ.”

ಫೈಲಿನ ಒಳಗೆ ಪ್ರತಿಯೊಂದು ಗೆರೆಗೂ ಒಂದೇ ಪದವಿತ್ತು: ಅಂಚು.

“ಅಂಚು ಅಂದ್ರೆ ಕತ್ತರಿ ಓಡೋ ಜಾಗ ಅಲ್ವಾ?” ಎಂದಳು ತಂಗಿ.

“ಅಲ್ಲ, ಹೊಲಿಗೆ ಬೀಳೋ ಜಾಗ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊಲಿಗೆಗೂ ಕತ್ತರಿಗೂ ನಡುವೆ ಬಿಡುವ ಮಾರ್ಜಿನ್ ಎರಡು ಮನೆಗಳ ಮಧ್ಯದ ಓಣಿಯ ಹಾಗೆ ಯಾರ ಲೆಕ್ಕಕ್ಕೂ ಸಿಗದೆ ಉಳಿದಿತ್ತು. ‘ಅಳತೆ’ ಅದನ್ನು ಸೇರಿಸಿ ಬರೆಯುತ್ತಿತ್ತು, ‘ಕತ್ತರಿ’ ಸೇರಿಸಿಲ್ಲ ಎಂದುಕೊಂಡು ಓದುತ್ತಿತ್ತು. ಕಂಕುಳು ಒಳಕ್ಕೆ ಬಾಗಿದ್ದರಿಂದ ಅಲ್ಲಿ ಕತ್ತರಿ ಓಡುವ ಗೆರೆ ಹೊಲಿಗೆಯ ಗೆರೆಗಿಂತ ಚಿಕ್ಕದು, ಅದಕ್ಕೇ ತೋಳು ಸಾಲದೆ ಬಂದಿತ್ತು. ಜೊತೆಗಿದ್ದಾಗ ಫೈಲ್ ಬರೆಯುವ ಕೆಲಸವನ್ನೆಲ್ಲ ಭಾವ ಒಬ್ಬರೇ ನೋಡಿಕೊಳ್ಳುತ್ತಿದ್ದುದರಿಂದ ಆ ಪದದ ಅರ್ಥ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಬೇರೆಯಾದ ಮೇಲೆ ತಂಗಿ ಆ ಭಾಗವನ್ನು ತನಗೆ ತಿಳಿದ ಹಾಗೆ ಹೊಸದಾಗಿ ಬರೆದುಕೊಂಡಿದ್ದಳು.

“ಯಾವುದನ್ನ ಇಟ್ಕೊಳ್ಳೋದು?” ಎಂದು ಭಾವ ಕೇಳಿದರು. ಅದರ ಮೇಲೆ ಇಬ್ಬರೂ ಸಾಯಂಕಾಲದವರೆಗೂ ಪಟ್ಟು ಬಿಡದೆ ವಾದ ಮಾಡಿದರು. ಕಾಫಿ ತಂದ ಅಕ್ಕ ಕೇಳಿ ಕೇಳಿ ಸಾಕಾಗಿ, “ಎರಡೂ ಬೇಕಲ್ರೀ ನಂಗೆ” ಎಂದಳು. ಕೊನೆಗೆ ‘ಅಂಚು’ ಎಂಬ ಪದವನ್ನೇ ಕೈಬಿಟ್ಟು, ‘ಹೊಲಿಗೆಗೆರೆ’, ‘ಕತ್ತರಿಗೆರೆ’ ಎಂದು ಎರಡನ್ನೂ ಬರೆಯುವುದೆಂದಾಯಿತು. ವಾರದೊಳಗೆ ಕೋಟಿಗೆ ತೋಳು ಕೂತಿತು.

ತಂಗಿಯ ಕಡೆಯವರಿಗೆ ಇದು ಹಿಡಿಸಲಿಲ್ಲ. ಎಲ್ಲದಕ್ಕೂ ಮೂಗು ಮುರಿಯುವ, ಎಲ್ಲರೂ ‘ಗೂಬೆ’ ಎಂದು ಕರೆಯುವ ಗೆಳೆಯ, “ಇವತ್ತು ಪದ, ನಾಳೆ ನಮ್ಮನ್ನೇ ನುಂಗ್ತಾರೆ” ಎಂದು ಬರೆದ. ಭಾವನ ಕಡೆಯ ಒಬ್ಬ, ಓಡಿಹೋದವರಿಗೆ ಮಣೆ ಹಾಕುವುದೇಕೆ ಎಂದು ಕೇಳಿದ. ತಂಗಿಗೂ ಒಳಗೊಳಗೆ ಅಳುಕಿತ್ತು. ಆದರೂ ಒಂದು ಸಲಹೆ ಇಟ್ಟಳು: ಎರಡೂ ಯೋಜನೆಗಳು ಬೇರೆಯಾಗಿಯೇ ಇರಲಿ, ಪರೀಕ್ಷೆಗೆ ಬೇಕಾದ ತುಂಡುಗಳನ್ನು ಮಾತ್ರ ಯಾರಿಗೂ ಸೇರದ ಒಂದು ಜಾಗದಲ್ಲಿ ಇಡೋಣ, ಯಾರೇ ಏನೇ ತಿದ್ದಿದರೂ ಮೊದಲು ಆ ತುಂಡುಗಳು ಎರಡೂ ಕಡೆ ಒಂದೇ ಥರ ಬರುತ್ತವೆಯೇ ನೋಡಿಕೊಳ್ಳೋಣ.

“ಕೀಲಿ ಯಾರ ಹತ್ರ?” ಎಂದ ಗೂಬೆ.

“ನಿನ್ನ ಹತ್ರ, ಅವರ ಕಡೆಯ ಒಬ್ಬರ ಹತ್ರ. ಇಬ್ಬರೂ ಒಪ್ಪದೆ ಒಳಗೆ ಏನೂ ಹೋಗಲ್ಲ.”

ಗೂಬೆ ಕೀಲಿ ತೆಗೆದುಕೊಂಡ. ಇನ್ನೊಂದು ಕೀಲಿ ಹಿಡಿದ ಆ ಕಡೆಯವನಿಗೆ ಮೊದಮೊದಲು ಬಿಗುಮಾನದಿಂದಲೇ ಬರೆಯುತ್ತಿದ್ದವನು, ಟೋಪಿಯ ಸುತ್ತಳತೆ ತೆಗೆಯುವ ವಿಚಾರ ಬಂದಾಗ ಪುಟಗಟ್ಟಲೆ ಬರೆಯತೊಡಗಿದ. ಗೂನುಬೆನ್ನಿನ ಕೋಡನ್ನು ಭಾವ ಇಂದಿಗೂ ‘ಕತ್ತರಿ’ಯ ಒಳಗೆ ಬಿಟ್ಟುಕೊಂಡಿಲ್ಲ. ತಂಗಿ ಆ ಮಾತು ಎತ್ತುವುದನ್ನೂ ಬಿಟ್ಟಿಲ್ಲ.

ಮೊನ್ನೆ ಛತ್ರಿ ಮಾಡುವ ಹೆಂಗಸೊಬ್ಬಳು ಆ ಸಾಮಾನ್ಯ ಜಾಗಕ್ಕೆ ಒಂದು ತುಂಡು ಕಳಿಸಿದಳು. ಛತ್ರಿಯ ಒಂದು ಎಸಳು, ಅಷ್ಟೇ. ‘ಕತ್ತರಿ’ಯಲ್ಲಿ ಅದರ ತುದಿ ಮೊಂಡಾಗಿ ಬಂತು. ‘ಅಳತೆ’ಯಲ್ಲಿ ತುದಿ ಸರಿಯಾಗಿತ್ತು, ಬದಿ ಸೊಟ್ಟಗಿತ್ತು. ತಂಗಿ ಫೋನ್ ಮಾಡಿದಾಗ ಭಾವ ಆಗಲೇ ಅದರ ಮುಂದೆ ಕೂತಿದ್ದರು.

“ನಿಮ್ಮದು ಬದಿ ಯಾಕೆ ಸೊಟ್ಟಗೆ?” ಎಂದರು, ಹಲೋ ಕೂಡ ಅನ್ನದೆ.

“ನಿಮ್ಮ ತುದಿ ಯಾಕೆ ಮೊಂಡು?”

“ಅದೇ ಗೊತ್ತಾಗ್ತಿಲ್ಲ” ಎಂದರು ಭಾವ ಖುಷಿಯಿಂದ. “ಬರ್ತೀಯಾ?”