ಹನ್ನೆರಡು ವ್ಯಾಟಿನ ಮೈನಸ್

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ತುಮಕೂರು ನಗರವನ್ನು ಕಾಡಿದ ಅತಿ ಗಂಭೀರ ಸಮಸ್ಯೆ ಒಂದು ಅಡ್ಡಗೆರೆ. ಉದ್ದ, ಅರ್ಧ ಅಕ್ಕಿಕಾಳಿನಷ್ಟು. ಎಳೆದವಳು ಉಮಾಮಹೇಶ್ವರಿ, ಪಾಲಿಟೆಕ್ನಿಕ್ಕೊಂದರ ಎಲೆಕ್ಟ್ರಿಕಲ್ ವಿಭಾಗಕ್ಕಿದ್ದ ಒಬ್ಬಳೇ ಹುಡುಗಿ. ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಇಡೀ ಲೆಕ್ಕಕ್ಕೆ ಸೊನ್ನೆ ಕೊಟ್ಟವರು ಯೋಗನರಸಿಂಹ ಮೇಷ್ಟ್ರು. ಅವರು ಓದಿದ್ದು ಮೆಕ್ಯಾನಿಕಲ್. ಎಲೆಕ್ಟ್ರಿಕಲ್ಲಿನವರು ರಜೆಯಲ್ಲಿದ್ದುದರಿಂದ ಈ ಪಾಠವೂ ಅವರ ಕೊರಳಿಗೆ ಬಿದ್ದಿತ್ತು.

ಟೆಸ್ಟು ಪಾಸಾಗಲು ಹದಿನಾರು ಅಂಕ ಬೇಕು, ಅವಳಿಗೆ ಬಂದದ್ದು ಹದಿನಾಲ್ಕು. ಫೇಲಾದವರು ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ. ಇಡೀ ವರ್ಷ ಮಣ್ಣುಪಾಲು.

ಲೆಕ್ಕ ಇಷ್ಟೇ. ಹನ್ನೆರಡು ವೋಲ್ಟಿನದೊಂದು, ಆರು ವೋಲ್ಟಿನದೊಂದು ಬ್ಯಾಟರಿ. ಪ್ಲಸ್ಸಿಗೆ ಪ್ಲಸ್ ಎದುರಾಗಿ, ನಡುವೆ ಮೂರು ಓಮಿನ ರೆಸಿಸ್ಟರ್. ಯಾವುದು ಎಷ್ಟು ಪವರ್ ಕೊಡುತ್ತದೆ? ಕರೆಂಟು ಎರಡು ಆಂಪಿಯರ್, ದೊಡ್ಡದು ಕೊಡುವುದು ಇಪ್ಪತ್ನಾಲ್ಕು ವ್ಯಾಟ್. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಚಿಕ್ಕದಕ್ಕೆ ಇಡೀ ಕ್ಲಾಸು ಹನ್ನೆರಡು ಎಂದು ಬರೆದರೆ ಇವಳು ಮೈನಸ್ ಹನ್ನೆರಡು, ಅಂದರೆ ಅದು ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ, ಎಂದಿದ್ದಳು. ಬರೆಯದೆ ಏನು ಮಾಡುತ್ತಾಳೆ? ಅವಳ ತಾಯಿ ಗಿರಿಯಮ್ಮನದು ಕುಣಿಗಲ್ಲಿನಲ್ಲಿ ಬ್ಯಾಟರಿ ಚಾರ್ಜಿನ ಅಂಗಡಿ. "ಇದಿನ್ನೂ ಉಣ್ತಾ ಐತೆ, ಸಾಯಂಕಾಲ ಬಾರಣ್ಣ" ಎಂದು ಲಾರಿ ಡ್ರೈವರುಗಳನ್ನು ಅಟ್ಟುವುದನ್ನು ಕೇಳುತ್ತಲೇ ಮಗಳು ಬೆಳೆದಿದ್ದಳು.

"ಸೋರ್ಸು ಅಂದ್ಮೇಲೆ ಕೊಡ್ಬೇಕು ಕಣಮ್ಮ," ಎಂದರು ಮೇಷ್ಟ್ರು. "ತಗೊಳ್ಳೋಕೆ ಅದೇನು ಛತ್ರದಲ್ಲಿ ಎಲೆ ಹಾಕ್ಕೊಂಡು ಕೂತಿದ್ಯಾ?"

"ಕೂತೈತೆ ಸಾರ್. ನಮ್ಮಂಗ್ಡೀಲಿ ದಿನಾ ಹತ್ತು ಕೂತಿರ್ತವೆ."

ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

"ಎರಡೂ ಕೊಟ್ವು ಅಂತ್ಲೇ ಇಟ್ಕೊಳ್ಳಿ ಸಾರ್. ಒಟ್ಟು ಮೂವತ್ತಾರಾಯ್ತು. ರೆಸಿಸ್ಟರ್ ತಗೊಂಡಿದ್ದು ಹನ್ನೆರಡೇ. ಮಿಕ್ಕ ಇಪ್ಪತ್ನಾಲ್ಕು ಎಲ್ಲೋಯ್ತು?"

ಮೇಷ್ಟ್ರು ಬೋರ್ಡು ನೋಡಿದರು. ಬೋರ್ಡಿನಲ್ಲಿರಲಿಲ್ಲ.

"ದೇವರಾಯನದುರ್ಗಕ್ಕೆ ಹರಕೆ ತೀರ್ಸಕ್ಕೆ ಹೋಗಿರ್ಬೇಕು ಬುಡು," ಎಂದ ಹಿಂದಿನ ಬೆಂಚಿನ ಜುಂಜಪ್ಪ.

"ಬಾಯ್ಮುಚ್ಚೋ!" ಎಂದ ಮೇಷ್ಟ್ರು ಅವಳತ್ತ ತಿರುಗಿದರು. "ತೋರ್ಸಮ್ಮ, ನೋಡೇ ಬಿಡೋಣ."

ಲ್ಯಾಬಿನಲ್ಲಿ ಹನ್ನೆರಡು ವೋಲ್ಟಿನದಿತ್ತು, ಆರರದಿರಲಿಲ್ಲ. ಅಟೆಂಡರ್ ಸಿದ್ದಯ್ಯ ಯಾರನ್ನೂ ಕೇಳದೆ ಹೋಗಿ ಮೇಷ್ಟ್ರ ಮೋಟರ್ ಸೈಕಲ್ಲಿನ ಬ್ಯಾಟರಿಯನ್ನೇ ಬಿಚ್ಚಿ ತಂದ. "ಹೆಂಗೂ ಸತ್ತೋಗೈತೆ. ವಾರದಿಂದ ಹಾರನ್ನೇ ಹೊಡ್ದಿಲ್ಲ ಸಾಹೇಬ್ರು."

ಅವಳು ಪ್ಲಸ್ಸಿಗೆ ಪ್ಲಸ್ ಎದುರಿಟ್ಟು, ರೆಸಿಸ್ಟರಿನ ಜೊತೆ ಆಮೀಟರನ್ನೂ ಸೇರಿಸಿ ತಂತಿ ಬಿಗಿದಳು. ಮುಳ್ಳು ಎರಡರ ಆಸುಪಾಸಿನಲ್ಲಿ ನಿಂತಿತು. ಮೇಷ್ಟ್ರು ಬಗ್ಗಿ ಕರೆಂಟಿನ ದಾರಿಯನ್ನು ಬೆರಳಿನಲ್ಲೇ ಹಿಂಬಾಲಿಸಿದರು. ದೊಡ್ಡದರ ಪ್ಲಸ್ಸಿನಿಂದ ಹೊರಟ ಬೆರಳು ಚಿಕ್ಕದರ ಪ್ಲಸ್ಸಿನೊಳಕ್ಕೆ ಹೋಯಿತು. ಇನ್ನೊಮ್ಮೆ ಹಿಂಬಾಲಿಸಿದರೂ ಅಲ್ಲಿಗೇ ಹೋಯಿತು.

"ಒಳಕ್ಕೋಗ್ತಿದೆ," ಎಂದರು ಮೆಲ್ಲಗೆ.

"ಉಣ್ತಾ ಐತೆ ಸಾರ್. ಹನ್ನೆರಡು ಇದಕ್ಕೆ, ಹನ್ನೆರಡು ರೆಸಿಸ್ಟರಿಗೆ. ಇಪ್ಪತ್ನಾಲ್ಕೂ ಸರಿಹೋಯ್ತು."

ಮಧ್ಯಾಹ್ನ ಮೂರರವರೆಗೂ ಹಾಗೇ ಉಣ್ಣಲು ಬಿಟ್ಟಿದ್ದ ಬ್ಯಾಟರಿಯನ್ನು ಸ್ವಸ್ಥಾನಕ್ಕೆ ಸೇರಿಸಿ ಸಿದ್ದಯ್ಯ ಹಾರನ್ ಒತ್ತಿದ. ಪ್ರಿನ್ಸಿಪಾಲರು ಕನ್ನಡಕವಿಲ್ಲದೆ ಓಡಿಬಂದರು. ಎಲೆಕ್ಟ್ರಿಕಲ್ ಕ್ಲಾಸು ಬೆಂಚು ಬಡಿದು ಕೂಗಿದ ಸದ್ದು ಬಿ.ಎಚ್. ರಸ್ತೆಗೂ ಕೇಳಿಸಿತಂತೆ. ತಾನೇ ಇನ್ನೊಂದು ಸಲ ಹಾರನ್ ಒತ್ತಬೇಕೆಂದು ಉಮಾಮಹೇಶ್ವರಿಗೆ ಬಲು ಆಸೆಯಾಯಿತು; ಒತ್ತಿದಳು.

ಯೋಗನರಸಿಂಹ ಮೇಷ್ಟ್ರು ಎಲ್ಲರ ಉತ್ತರಪತ್ರಿಕೆಗಳನ್ನೂ ಮತ್ತೆ ತಿದ್ದಿದರು. ಉಮಾಮಹೇಶ್ವರಿಗೆ ನಾಲ್ಕು ಅಂಕ ಸೇರಿ ಹದಿನೆಂಟಾಯಿತು. ಉಳಿದವರಿಗೆಲ್ಲ ನಾಲ್ಕು ಕಡಿಮೆಯಾಯಿತು.