ಹರ್ತಿಯ ಸುಲಗಾಯಿ

ಕಸ್ತೂರಿ ಮಕ್ಕಳ ಶುದ್ಧಬರಹ ತಿದ್ದುತ್ತಿದ್ದಾಗ ಗೋಡೆಯಾಚೆಯಿಂದ ಚಪ್ಪಾಳೆಯ ಜೊತೆಗೆ ಮಕ್ಕಳು ಎಣಿಸುವ ಕೂಗು ಕೇಳಿತು. "ಊನೋ, ದೋಸ್, ತ್ರೇಸ್!"

ಗದಗಿನ ಈ ಶಾಲೆಯಲ್ಲಿ ಅವಳು ಕನ್ನಡ ಕಲಿಸಲು ಹಿಡಿದು ಇಪ್ಪತ್ತೆರಡು ವರ್ಷ. ಜಾಸ್ಮಿನ ಸ್ಪ್ಯಾನಿಷ್ ಕಲಿಸಲು ಬಂದು ಆರು ತಿಂಗಳೂ ಆಗಿರಲಿಲ್ಲ. ಜಾಸ್ಮಿನಳಿಗೆ ಇದೇ ಕೋಣೆಯಲ್ಲಿ ಅಆಇಈ ತಿದ್ದಿಸಿದವಳೂ ಕಸ್ತೂರಿಯೇ.

ಪ್ರತಿ ಜನವರಿಯಲ್ಲಿ ಹತ್ತಿರದ ಹರ್ತಿ ಹಳ್ಳಿಯಿಂದ ಬರುವ ಮಕ್ಕಳು ಹೊಲದ ಮೊದಲ ಹಸಿಕಡಲೆ ಗಿಡಗಳನ್ನು ಕಿತ್ತು, ಸುಲಗಾಯಿಯ ಕಟ್ಟು ಮಾಡಿ ಕಸ್ತೂರಿಯ ಮೇಜಿನ ಮೇಲೆ ಇಡುವುದು ರೂಢಿ. ಇಂದು ಬೆಳಿಗ್ಗೆ ಆ ಮಕ್ಕಳಲ್ಲೊಬ್ಬಳಾದ ರೋಜಾ ಕಟ್ಟನ್ನು ಎದೆಗವಚಿಕೊಂಡು ಅವಳೆದುರೇ ಹಾದು, ಜಾಸ್ಮಿನಳ ಮೇಜಿಗೆ ಒಯ್ದಿದ್ದಳು. ಆಗಿನಿಂದ ಕಸ್ತೂರಿಯ ಕೆಂಪು ಪೆನ್ನು ಹಾಳೆ ಹರಿಯುವಷ್ಟು ಒತ್ತಿ ಓಡುತ್ತಿತ್ತು.

ಬಿಡುವಿನಲ್ಲಿ ಜಾಸ್ಮಿನ ಕಟ್ಟು ಹಿಡಿದು ಬಂದಳು.

"ಅಕ್ಕೋರ, ಇದು ನಿಮಗ ಸೇರಬೇಕಾದದ್ದು. ತಗೋರಿ."

"ನನಗ್ಯಾಕವ್ವಾ? ನಿನಗಂತ ತಂದಾವ, ನೀನ ತಿನ್ನು."

"ಖರೆ ಹೇಳ್ತೀನ್ರಿ, ಸಣ್ಣಾಕಿದ್ದಾಗ ನೀವು ಆಡಿಸ್ತಿದ್ದ ಚಪ್ಪಾಳಿ ಆಟಾನ ಕದ್ದೀನಿ. ಹುಡುಗ್ರು ಅದಕ್ಕ ಮಳ್ಳಾಗ್ಯಾವ." ನಗುತ್ತ ಕಟ್ಟು ಇಟ್ಟು ಹೋದಳು.

ಹೌದು, ಬೆಂಚಿಗೊಂದು ಗುದ್ದು, ಎರಡು ಚಪ್ಪಾಳೆ. ಪಾಠ ಮುಗಿಸುವ ಅವಸರದಲ್ಲಿ ಕಸ್ತೂರಿಯೇ ಅದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ತಾನು ಎಸೆದದ್ದನ್ನು ಇನ್ನೊಬ್ಬಳು ಎತ್ತಿಕೊಂಡದ್ದೇ ಕಟ್ಟು ಕೈತಪ್ಪಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಒಂದು ಸುಲಗಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಸಿಪ್ಪೆಯ ಹುಳಿ ಬೆರಳಿಗೆ ಅಂಟಿತು. ನಾಳೆ ಮೊದಲ ಪಿರಿಯಡ್ಡಿನಲ್ಲೇ ಬೆಂಚು ಗುದ್ದಿಸಬೇಕು, ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ, ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಮುಂದಿನ ಶುದ್ಧಬರಹದ ವಹಿಯನ್ನು ಎಳೆದುಕೊಂಡಳು.